ಕೇಸು ‘ಇಶ್ಯೂಸ್‌ಗೆ ಇದೆ’ ಅಂದರೆ ಏನು?

ಪ್ರಶ್ನೆ: ಕೈಸಾಲ ವಾಪಸ್ ಕೊಡದವರ ಮೇಲೆ ದಾವೆ ಹಾಕಿದ್ದೇನೆ. ಮುಂದಿನ ತಾರೀಕು ‘ಇಶ್ಯೂಸ್‌ಗೆ’ ಇದೆ ಎಂದು ವಕೀಲರು ಹೇಳಿದರು. ಅವತ್ತು ಏನಾಗುತ್ತದೆ?

ಉತ್ತರ: ಅವತ್ತು ನ್ಯಾಯಾಧೀಶರು ನಿಮ್ಮ ವಾದಪತ್ರವನ್ನೂ ಎದುರಿನವರ ಲಿಖಿತ ಹೇಳಿಕೆಯನ್ನೂ ಓದಿ, ಜಗಳ ನಿಜವಾಗಿ ಯಾವುದರ ಬಗ್ಗೆ ಎಂದು ಪ್ರಶ್ನೆಗಳ ರೂಪದಲ್ಲಿ ಬರೆಯುತ್ತಾರೆ. ಇವೇ ಇಶ್ಯೂಗಳು, ಅಂದರೆ ವಿವಾದಾಂಶಗಳು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಆದೇಶ (ಆರ್ಡರ್ 14, ಅಂದರೆ ಸಂಹಿತೆಯ ಒಂದು ಅಧ್ಯಾಯ) ಇದಕ್ಕೇ ಮೀಸಲು. ಒಬ್ಬರು ಹೌದು ಎಂದದ್ದನ್ನು ಇನ್ನೊಬ್ಬರು ಅಲ್ಲ ಎಂದಾಗ ಮಾತ್ರ ಇಶ್ಯೂ ಹುಟ್ಟುತ್ತದೆ. ಇಬ್ಬರೂ ಒಪ್ಪಿದ ವಿಷಯಕ್ಕೆ ಇಶ್ಯೂ ಬೇಕಿಲ್ಲ ಅಲ್ವಾ?

ನೀವು ಪ್ರೋನೋಟು (ಸಾಲ ತೀರಿಸುತ್ತೇನೆಂದು ಸಹಿ ಹಾಕಿದ ಪತ್ರ) ಬರೆಸಿಕೊಂಡು 3 ಲಕ್ಷ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಎದುರಿನವರು ‘ದುಡ್ಡೇ ತಗೊಂಡಿಲ್ಲ, ಪ್ರೋನೋಟಿನ ಸಹಿ ನನ್ನದಲ್ಲ’ ಅಂದರೆ ಇಶ್ಯೂ ಹೀಗಿರುತ್ತದೆ: ‘ಪ್ರತಿವಾದಿಯು 3 ಲಕ್ಷ ರೂಪಾಯಿ ಸಾಲ ಪಡೆದು ಪ್ರೋನೋಟು ಬರೆದುಕೊಟ್ಟಿದ್ದಾರೆಂದು ವಾದಿಯು ರುಜುವಾತುಪಡಿಸುತ್ತಾರೆಯೇ?’ ರುಜುವಾತುಪಡಿಸುವ ಹೊರೆ ನಿಮ್ಮದು. ಅವರೇ ‘ತಗೊಂಡಿದ್ದು ನಿಜ, ತೀರಿಸಿಬಿಟ್ಟಿದ್ದೇನೆ’ ಅಂದರೆ? ಆಗ ‘ಸಾಲ ತೀರಿಸಿರುವುದಾಗಿ ಪ್ರತಿವಾದಿಯು ರುಜುವಾತುಪಡಿಸುತ್ತಾರೆಯೇ?’ ಎಂದಾಗುತ್ತದೆ. ಸಾಲ ಅದೇ, ಪ್ರೋನೋಟೂ ಅದೇ. ಆದರೆ ಈಗ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿ ತರಬೇಕಾದವರು ಅವರು.

ಅದಕ್ಕೇ ‘ಯಾರು ರುಜುವಾತುಪಡಿಸಬೇಕು’ ಎಂಬ ಭಾಗವನ್ನು ಎರಡು ಸಲ ಓದಿ. ಎಷ್ಟೋ ಕಕ್ಷಿದಾರರು ಇಶ್ಯೂ ಹಾಳೆಯನ್ನು ನೋಡಿಯೇ ಇರುವುದಿಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ವಕೀಲರನ್ನು ಕೇಳಿ ಒಂದು ಪ್ರತಿ ಇಟ್ಟುಕೊಳ್ಳಿ. ಕೊನೆಯಲ್ಲಿ ಸಾಮಾನ್ಯವಾಗಿ ‘ಏನು ಆದೇಶ ಅಥವಾ ಡಿಕ್ರಿ (ಕೋರ್ಟಿನ ಅಂತಿಮ ತೀರ್ಮಾನ)?’ ಎಂದಿರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಶ್ಯೂ ತಪ್ಪಾಗಿದ್ದರೆ? ಹೊರೆ ಸುಮ್ನೆ ನಿಮ್ಮ ಮೇಲೆ ಬಿದ್ದಿದ್ದರೆ, ಅಥವಾ ಮುಖ್ಯ ವಿಷಯವೇ ಬಿಟ್ಟುಹೋಗಿದ್ದರೆ, ಅದೇ 14ನೇ ಆದೇಶದ 5ನೇ ನಿಯಮದಡಿ ಅರ್ಜಿ ಹಾಕಬಹುದು. ಡಿಕ್ರಿ ಆಗುವ ಮುಂಚೆ ಯಾವಾಗ ಬೇಕಾದರೂ ಕೋರ್ಟು ಇಶ್ಯೂವನ್ನು ತಿದ್ದಬಹುದು, ಸೇರಿಸಬಹುದು, ತೆಗೆದುಹಾಕಬಹುದು. ಆದರೆ ಸಾಕ್ಷ್ಯ ಶುರುವಾಗುವ ಮೊದಲೇ ಕೇಳುವುದು ವಾಸಿ. ‘ಆಮೇಲೆ ಅಪೀಲಿನಲ್ಲಿ ಹೇಳಿದರಾಯಿತು’ ಎಂದು ಕೂರಬೇಡಿ. ವಿವಾದ ಏನೆಂದು ಇಬ್ಬರಿಗೂ ಗೊತ್ತಿದ್ದು, ಅದರ ಮೇಲೆ ಸಾಕ್ಷ್ಯವನ್ನೂ ಕೊಟ್ಟಿದ್ದರೆ, ಇಶ್ಯೂ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಕೆಡುವುದಿಲ್ಲ. ನೆಡುನೂರಿ ಕಾಮೇಶ್ವರಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿದೆ.

ಇನ್ನೊಂದು ಮಾತು. ಇಶ್ಯೂ ಆದ ದಿನದಿಂದ ಹೆಚ್ಚೆಂದರೆ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು. ಪ್ರೋನೋಟಿಗೆ ಸಾಕ್ಷಿ ಹಾಕಿದವರು ಈಗ ಎಲ್ಲಿದ್ದಾರೆ, ಕೋರ್ಟಿಗೆ ಬರುತ್ತಾರಾ ಎಂದು ಈ ವಾರವೇ ವಿಚಾರಿಸಿ.