ಪ್ಲೈವುಡ್ ಗಿಟಾರಿಗೆ ಇಷ್ಟೊಂದು ದುಡ್ಡಾ?

ಅಮೆರಿಕದಿಂದ ವಾಪಸ್ ಬಂದು ಬೆಂಗಳೂರಿನಲ್ಲಿ ನೆಲೆಸಿರುವ ಒಬ್ಬರು ಮೊನ್ನೆ ಹಳೇ ಗಿಟಾರ್ ಕೇಸೊಂದನ್ನು ನನ್ನ ರಿಪೇರಿ ಬೆಂಚಿನ ಮೇಲೆ ತಂದಿಟ್ಟರು. ಒಳಗಿದ್ದದ್ದು 1963ರ ಗಿಬ್ಸನ್ ಇಎಸ್-175 ಗಿಟಾರ್. ಜೊತೆಗೆ ಬಂದಿದ್ದ ಮಗ ಎಫ್ ಆಕಾರದ ತೂತಿಗೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದ. "ಅಂಕಲ್, ಇದು ಪ್ಲೈವುಡ್ ಅಲ್ವಾ? ಇದಕ್ಕೆ ಇಷ್ಟೊಂದು ದುಡ್ಡಾ?" ಅಂದ. ಅಪ್ಪನ ಮುಖ ಸಪ್ಪಗಾಯಿತು.

ಹುಡುಗನ ಕಣ್ಣು ಚುರುಕು. ತೂತಿನ ಅಂಚಿನಲ್ಲಿ ಪದರಗಳು ಎದ್ದೇ ಕಾಣುತ್ತವೆ. ಮೇಲೆ, ಕೆಳಗೆ ಮೇಪಲ್, ನಡುವೆ ಮೆತ್ತನೆಯ ಇನ್ನೊಂದು ಮರ. ಅಚ್ಚಿನಲ್ಲಿಟ್ಟು ಅಂಟು ಹಾಕಿ ಒತ್ತಿ ಮಾಡಿದ್ದು. ಪ್ಲೈವುಡ್ಡೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಗಿಬ್ಸನ್ ಕಂಪನಿ ಇದನ್ನು 1949ರಲ್ಲಿ ಹೊರತಂದಿತು. ಆಗಿನ ಬೆಲೆ 175 ಡಾಲರ್. ಆ ಬೆಲೆಯೇ ಗಿಟಾರಿನ ಹೆಸರಾಯಿತು. ಇಎಸ್ ಅಂದರೆ ಎಲೆಕ್ಟ್ರಿಕ್ ಸ್ಪ್ಯಾನಿಶ್. ಸ್ಪೇನಿಗೂ ಇದಕ್ಕೂ ಸಂಬಂಧವಿಲ್ಲ. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಗಿಟಾರಿನಿಂದ ಬೇರೆ ಅಂತ ತೋರಿಸಲು ಇಟ್ಟ ಹೆಸರು ಅಷ್ಟೇ. ಕಂಪನಿಯ ದುಬಾರಿ ಗಿಟಾರ್ ಎಲ್-5ಗೆ ಸ್ಪ್ರೂಸ್ ಮರದ ದಪ್ಪ ಹಲಗೆಯನ್ನು ಕೆತ್ತಿ ಕೆತ್ತಿ ಗುಮ್ಮಟದಂತೆ ಮಾಡಬೇಕು. ಇದಕ್ಕೆ ಆ ಖರ್ಚು ಇರಲಿಲ್ಲ. ಖರ್ಚು ಉಳಿಸಲು ಮಾಡಿದ ಆ ಕೆಲಸವೇ ಜಾಜ್ ನುಡಿಸುವವರಿಗೆ ವರವಾಯಿತು ಅಂತ ನಾನು ಹೇಳಿದರೆ ಆ ಹುಡುಗ ನಂಬಲಿಲ್ಲ. ಹಾಗಾಗಿ ಬಿಡಿಸಿ ಹೇಳಬೇಕಾಯಿತು.

ಟೊಳ್ಳು ಗಿಟಾರಿಗೆ ಪಿಕಪ್, ಅಂದರೆ ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಸಾಧನ, ಹಾಕಿ ಸದ್ದು ಜೋರು ಮಾಡುವ ಆ್ಯಂಪಿಗೆ ಸೇರಿಸಿ ನೋಡಿ. ಆ್ಯಂಪಿನ ಸದ್ದು ಗಾಳಿಯಲ್ಲಿ ಬಂದು ಗಿಟಾರಿನ ಮೇಲ್ಹಲಗೆಯನ್ನು ನಡುಗಿಸುತ್ತದೆ. ಹಲಗೆ ನಡುಗಿದರೆ ತಂತಿಯೂ ನಡುಗುತ್ತದೆ. ಪಿಕಪ್ ಅದನ್ನು ಹಿಡಿದು ಮತ್ತೆ ಆ್ಯಂಪಿಗೆ ಕಳಿಸುತ್ತದೆ. ಈ ಸುತ್ತು ಒಮ್ಮೆ ಶುರುವಾಯಿತೆಂದರೆ ಗಿಟಾರ್ ಊಳಿಡಲು ತೊಡಗುತ್ತದೆ. ಕೆತ್ತಿದ ಸ್ಪ್ರೂಸ್ ಹಲಗೆ ಹಗುರ, ಬೇಗ ನಡುಗುತ್ತದೆ. ಅಂಟಿಸಿದ ಮೇಪಲ್ ಬಿಗಿ, ತೂಕ, ಅಷ್ಟು ಸುಲಭಕ್ಕೆ ಮಿಸುಕುವುದಿಲ್ಲ. ಹಾಗಂತ ಊಳಿಡುವುದೇ ಇಲ್ಲ ಅಂತಲ್ಲ. ಆದರೆ ಡ್ರಮ್ಸ್ ಪಕ್ಕದಲ್ಲಿ ಕೂತು ನುಡಿಸಬಹುದು.

ಇನ್ನೊಂದು ಗುಣ ನಾದದ್ದು. ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕೊರೆಯುವವರು ಒಂದು ಮೀಟಿಗೆ ನಾದ ಆದಷ್ಟು ಹೊತ್ತು ನಿಲ್ಲಲಿ ಅಂತ ಬಯಸುತ್ತಾರೆ. ಗಮಕ ಎಳೆಯಬೇಕಲ್ಲ. ಬೀಬಾಪ್ ಅನ್ನುವ ವೇಗದ ಜಾಜ್ ನುಡಿಸುವವನ ಕಷ್ಟ ಇದರ ತದ್ವಿರುದ್ಧ. ಸೆಕೆಂಡಿಗೆ ಏಳೆಂಟು ಸ್ವರ ಓಡಿಸುವಾಗ ಹಿಂದಿನ ಸ್ವರ ಮುಂದಿನದರ ಮೈಮೇಲೆ ಬೀಳಬಾರದು. 175ರಲ್ಲಿ ಸ್ವರ 'ಟಪ್' ಅಂತ ಎದ್ದು, ದುಂಡಗೆ ಕೇಳಿಸಿ, ಬೇಗ ಇಳಿಯುತ್ತದೆ. ನಾಲ್ಕೈದು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿದರೂ ಕಲಸುಮೇಲೋಗರ ಆಗುವುದಿಲ್ಲ. ಅದಕ್ಕೆ ದಪ್ಪ ಫ್ಲಾಟ್‌ವೂಂಡ್ ತಂತಿ, ಅಂದರೆ ಮೈ ನುಣುಪಾಗಿ ಸುತ್ತಿದ ತಂತಿ, ಹಾಕಿದರೆ ಇನ್ನೂ ಚೆನ್ನ. ತೆಳು ರಾಕ್ ತಂತಿ ಹಾಕಿಕೊಂಡು "ಇದರಲ್ಲಿ ಏನೂ ವಿಶೇಷ ಇಲ್ಲ ಸಾರ್" ಅನ್ನುವವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ.

ಮೊದಲು ಇದಕ್ಕೆ ನೆಕ್, ಅಂದರೆ ಗಿಟಾರಿನ ಕತ್ತಿನ ಹತ್ತಿರ ಪಿ-90 ಅನ್ನುವ ಒಂದೇ ಪಿಕಪ್ ಇತ್ತು. 1953ರಲ್ಲಿ ಎರಡು ಪಿಕಪ್ಪಿನ ಮಾದರಿ ಬಂತು. 1957ರಿಂದ ಸೆತ್ ಲವರ್ ರೂಪಿಸಿದ, ಗೊಂಯ್‌ಗುಡುವ ಸದ್ದನ್ನು ಅಡಗಿಸುವ ಹಂಬಕರ್ ಪಿಕಪ್ ಬಂತು. ಹರ್ಬ್ ಎಲ್ಲಿಸ್, ಜೋ ಪಾಸ್, ಜಿಮ್ ಹಾಲ್, ಪ್ಯಾಟ್ ಮೆಥೀನಿ, ಈ ಜಾಜ್ ಗಿಟಾರ್ ವಾದಕರೆಲ್ಲರೂ ಇದನ್ನು ನುಡಿಸಿದವರೇ. ಜಿಮ್ ಹಾಲ್ ಕೈಯಲ್ಲಿದ್ದದ್ದು ಒಂಟಿ ಪಿಕಪ್ಪಿನದು, ಅದೂ ಸೆಕೆಂಡ್ ಹ್ಯಾಂಡ್. ನನ್ನನ್ನು ಕೇಳಿದರೆ ಜಾಜ್‌ಗೆ ಆ ಒಂದು ಪಿಕಪ್ ಸಾಕು. ಮೈಮೇಲೆ ತಂತಿಗಳನ್ನು ಹೊರುವ ಬ್ರಿಜ್ ಪಕ್ಕದ ಎರಡನೆಯದನ್ನು ಬಳಸುವವರನ್ನು ನಾನು ನೋಡಿದ್ದು ಕಡಿಮೆ. ರಾಕ್ ಬ್ಯಾಂಡ್ ಯೆಸ್‌ನ ಸ್ಟೀವ್ ಹೌ ಮಾತು ಬೇರೆ ಬಿಡಿ.

ಹಳೇದು ಕೊಳ್ಳುವವರು ಹೊಳಪು ನೋಡಿ ಮರುಳಾಗಬೇಡಿ. ಮೊದಲು ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಅಳೆಯಿರಿ. 1965ರ ಮಧ್ಯಭಾಗದವರೆಗೆ ಅಗಲ ಸುಮಾರು 43 ಮಿಲಿಮೀಟರ್. ಆಮೇಲೆ ಕೆಲವು ವರ್ಷ ಅದನ್ನು ಸುಮಾರು 40ಕ್ಕೆ ಇಳಿಸಿದರು. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ದಪ್ಪ ಬೆರಳಿನವರು ಒಂದು ಕಾರ್ಡ್ ಹಿಡಿದರೆ ಗೊತ್ತಾಗುತ್ತದೆ. ವರ್ಷ ಗುರುತಿಸಲು 60ರ ದಶಕದ ಸೀರಿಯಲ್ ನಂಬರನ್ನೇ ನಂಬಬೇಡಿ, ಒಂದೇ ನಂಬರನ್ನು ಬೇರೆ ಬೇರೆ ವರ್ಷ ಹಾಕಿದ್ದಿದೆ. ವಾಲ್ಯೂಮ್ ತಿರುಗಿಸುವ ಗುಬ್ಬಿಯ ಕೆಳಗೆ, ಒಳಗಿರುವ ಪಾಟ್ ಅನ್ನುವ ಬಿಡಿಭಾಗದ ಮೇಲಿನ ಅಂಕಿಗಳಲ್ಲಿ ಅದು ತಯಾರಾದ ವರ್ಷ, ವಾರ ಎರಡೂ ಇರುತ್ತವೆ. 50ರ ದಶಕದ್ದಾದರೆ ಎಫ್-ಹೋಲ್ ಒಳಗೆ ಒಂದು ಅಕ್ಷರ ಹುಡುಕಿ. 1952ಕ್ಕೆ ಝಡ್, ಅಲ್ಲಿಂದ ವರ್ಷಕ್ಕೊಂದರಂತೆ ಹಿಂದಕ್ಕೆ, 1961ಕ್ಕೆ ಕ್ಯೂ.

ಆಮೇಲೆ ಹಲಸಿನ ಹಣ್ಣು ತಟ್ಟಿ ನೋಡುತ್ತೀರಲ್ಲ, ಹಾಗೆ ಬೆರಳ ಗಂಟಿನಿಂದ ಮೈಯೆಲ್ಲ ತಟ್ಟಿ. ಎಲ್ಲಾದರೂ 'ಜುರ್ರ್' ಅಂದರೆ ಒಳಗಿನ ಪಟ್ಟಿ ಬಿಟ್ಟಿದೆ ಅಂತ. ಅಂಚಿನ ಸೆಲ್ಯುಲಾಯ್ಡ್ ಪಟ್ಟಿ ಪುಡಿಯಾಗುತ್ತಿದ್ದರೆ, ಪಕ್ಕದ ಲೋಹ ಹಸಿರುಗಟ್ಟಿದ್ದರೆ ಯೋಚನೆ ಮಾಡಿ. ಅದು ಕೊಳೆಯುತ್ತಾ ಬಿಡುವ ಆವಿ ಸುತ್ತಲಿನದನ್ನೂ ತಿನ್ನುತ್ತದೆ.

ಫಿಂಗರ್‌ಬೋರ್ಡಿನ ಕಥೆ, ಅಂದರೆ ಕತ್ತಿನ ಮೇಲೆ ಬೆರಳೊತ್ತುವ ಹಲಗೆಯ ಕಥೆ, ನಮಗೆ ಹತ್ತಿರದ್ದು. ಈ 1963ರದ್ದರಲ್ಲಿರುವುದು ಬ್ರೆಜಿಲ್ ರೋಸ್‌ವುಡ್. 60ರ ದಶಕದ ಕೊನೆಯ ಹೊತ್ತಿಗೆ ಕಂಪನಿ ಭಾರತದ ರೋಸ್‌ವುಡ್ ಕಡೆ ತಿರುಗಿತು. ಅದೇ ನಮ್ಮ ಮಲೆನಾಡು, ಕೊಡಗಿನ ಬೀಟೆ ಮರ. ಬ್ರೆಜಿಲ್‌ನದು 1992ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಅಂಥ ಗಿಟಾರನ್ನು ಗಡಿ ದಾಟಿಸುವ ಮುಂಚೆ ಕಾಗದಪತ್ರ ಮಾಡಿಸಿಕೊಳ್ಳಿ. ಗಿಟಾರ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಮೇಲೆ ನನಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಈಗ ಆ ಮೊನ್ನೆಯ ಗಿಟಾರಿನ ರೋಗ ಏನು ಅಂತ ಹೇಳುತ್ತೇನೆ. ಅದರ ಮರದ ಬ್ರಿಜ್ಜನ್ನು ಯಾರೋ ಸೂಪರ್ ಗ್ಲೂ ಹಾಕಿ ಅಂಟಿಸಿಬಿಟ್ಟಿದ್ದರು! ಈ ಜಾತಿಯ ಗಿಟಾರಿನಲ್ಲಿ ಬ್ರಿಜ್ ಬರೀ ತಂತಿಯ ಒತ್ತಡದಲ್ಲಿ ಕೂತಿರುತ್ತದೆ. ಎಲ್ಲ ತಂತಿ ಒಟ್ಟಿಗೆ ಬಿಚ್ಚಿದರೆ ಕಳಚಿ ಬೀಳುತ್ತದೆ. ಅದನ್ನು ಕಂಡು ಗಾಬರಿಯಾದವರು ಮಾಡಿದ ಕೆಲಸ. ಕಲಿಯುವ ಕಾಲದಲ್ಲಿ ನಾನೂ ಒಮ್ಮೆ ಹೀಗೇ ಬೀಳಿಸಿಕೊಂಡು, ಎಲ್ಲಿಡಬೇಕು ಅಂತ ತಿಳಿಯದೆ ಒಂದಿಡೀ ಮಧ್ಯಾಹ್ನ ಶ್ರುತಿಯ ಜೊತೆ ಒದ್ದಾಡಿದ್ದೇನೆ. ಒಂದೊಂದೇ ತಂತಿ ಬದಲಿಸಿ, ಇಲ್ಲವಾದರೆ ಬ್ರಿಜ್ಜಿನ ಪಾದದ ಸುತ್ತ ಬಣ್ಣ ಕೀಳದ ಪೇಪರ್ ಟೇಪ್ ಹಚ್ಚಿಕೊಳ್ಳಿ.

ಅಂಟು ಬಿಡಿಸಲು ಎರಡು ದಿನ ಹಿಡಿಯಿತು. ಅಂಟು ಕರಗಿಸುವ ಅಸಿಟೋನ್ ಮುಟ್ಟಿಸುವ ಹಾಗಿಲ್ಲ, ಮೇಲಿರುವುದು ಹಳೇ ನೈಟ್ರೋ ಲ್ಯಾಕರ್ ಮೆರುಗು, ಅದೂ ಕರಗಿಹೋಗುತ್ತದೆ. ತೆಳು ಅಲಗಿನಿಂದ ಕೂದಲೆಳೆಯಷ್ಟೇ ಒಳಹೋಗುತ್ತಾ ಬಿಡಿಸಿದೆ. ಎಡಪಾದದ ಕೆಳಗೆ ಹುಣಸೆ ಬೀಜದಷ್ಟು ಲ್ಯಾಕರ್ ಕಿತ್ತುಬಂತು. ಬ್ರಿಜ್ ಕೂರಿಸಿದ ಮೇಲೆ ಅದು ಕಾಣುವುದಿಲ್ಲ, ಆದರೂ ಅಪ್ಪನನ್ನು ಕರೆದು ತೋರಿಸಿದೆ. ಅವರು ಅದನ್ನು ನೋಡುತ್ತಿದ್ದಾಗ ಮಗ ನನ್ನ ಬೆಂಚಿನ ಮೇಲಿದ್ದ ಫ್ಲಾಟ್‌ವೂಂಡ್ ತಂತಿಯ ಪೊಟ್ಟಣ ಎತ್ತಿಕೊಂಡು, "ಇದನ್ನು ನಾನೇ ಹಾಕಲಾ ಅಂಕಲ್?" ಅಂದ.