ಹಣದುಬ್ಬರ ಇಳಿದರೂ ಸಂತೆ ಸೋವಿ ಆಗಲ್ಲ, ಯಾಕೆ?

2024ರ ಆಗಸ್ಟ್‌ನಲ್ಲಿ ಹಣದುಬ್ಬರ ಸುಮಾರು ಶೇ 3.5ಕ್ಕೆ ಇಳಿಯಿತು ಅಂತ ಸುದ್ದಿ ಬಂದಾಗ ಹುಬ್ಬಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿ ನನ್ನನ್ನು ಕೇಳಿದ್ದು ಇಷ್ಟೇ: "ಎಲ್ಲಿ ಇಳದೈತ್ರೀ ಸರ್?"

ಅವರ ಪ್ರಶ್ನೆ ಸರಿ, ಸುದ್ದಿಯ ಅಂಕಿಯೂ ಸರಿ. ನಡುವೆ ಒಂದು ಗ್ರಾಫ್ ಬೇಕಿತ್ತು.

ಎಲ್ಲರೂ ಹಣದುಬ್ಬರದ ಶೇಕಡಾವಾರು ದರವನ್ನೇ, ಅಂದರೆ ಒಂದು ವರ್ಷದಲ್ಲಿ ಬೆಲೆ ಶೇಕಡಾ ಎಷ್ಟು ಏರಿತು ಅನ್ನುವುದನ್ನೇ, ಗೆರೆ ಎಳೆದು ತೋರಿಸುತ್ತಾರೆ. ಗೆರೆ ಕೆಳಗೆ ಬಂದರೆ ಬೆಲೆಯೇ ಇಳಿಯಿತು ಅಂತ ಓದುಗ ತಿಳಿಯುತ್ತಾನೆ. ಅದರ ಬದಲು ಗ್ರಾಹಕ ಬೆಲೆ ಸೂಚ್ಯಂಕವನ್ನೇ, ಅಂದರೆ ಮನೆಗೆ ಕೊಳ್ಳುವ ಸಾಮಾನು, ಸೇವೆಗಳ ಒಟ್ಟು ಬೆಲೆಮಟ್ಟವನ್ನೇ, ಎಳೆಯಿರಿ. 2012ನ್ನು 100 ಅಂತ ಹಿಡಿದ ಸರಣಿಯಲ್ಲಿ 2022ರ ಜುಲೈಗೆ ಇಡೀ ದೇಶದ ಸೂಚ್ಯಂಕ ಸುಮಾರು 173 ಇತ್ತು, ಮರುವರ್ಷ ಅದೇ ತಿಂಗಳು 186, ಅದರ ಮರುವರ್ಷ 193. ಗೆರೆ ಮೇಲಕ್ಕೇ ಹೋಗಿದೆ, ಅಲ್ವಾ? ಮೊದಲ ವರ್ಷ ಶೇ 7.44 ಏರಿತ್ತು, ಎರಡನೇ ವರ್ಷ ಏರಿಕೆ ನಿಧಾನವಾಯಿತು, ಅಷ್ಟೆ. ಎರಡೂ ವರ್ಷ ಸೇರಿಸಿದರೆ ಶೇ 11ಕ್ಕಿಂತ ಜಾಸ್ತಿ ತುಟ್ಟಿ. ವ್ಯಾಪಾರಿಗೆ ತಟ್ಟಿದ್ದು ಈ 11.

ಎರಡನೇ ಗ್ರಾಫ್ ನನಗೆ ಇನ್ನೂ ಮುಖ್ಯ: ಒಟ್ಟು ಏರಿಕೆಯಲ್ಲಿ ಯಾವುದರ ಪಾಲು ಎಷ್ಟು. 2023ರ ಜುಲೈನಲ್ಲಿ ಟೊಮ್ಯಾಟೊ ದರ ಗಗನಕ್ಕೇರಿದ್ದು ನೆನಪಿರಬೇಕು. ಆ ತಿಂಗಳು ತರಕಾರಿ ಹಣದುಬ್ಬರ ಶೇ 37 ದಾಟಿತ್ತು. ಆ ಸೂಚ್ಯಂಕದಲ್ಲಿ ತರಕಾರಿಯ ತೂಕ, ಅಂದರೆ ಮನೆ ಖರ್ಚಿನಲ್ಲಿ ಅದಕ್ಕೆ ಹಿಡಿದ ಪಾಲು, ಬರೀ ಶೇ 6.04 ಇತ್ತು. ಆದರೂ ತೂಕವನ್ನು ಏರಿಕೆಯಿಂದ ಗುಣಿಸಿದರೆ 7.44ರಲ್ಲಿ 2ಕ್ಕಿಂತ ಹೆಚ್ಚು ಅಂಶ ತರಕಾರಿಯದ್ದೇ. ಪ್ರತಿ ತಿಂಗಳಿಗೂ ಹೀಗೆ ಬಣ್ಣ ಬಣ್ಣದ ತುಂಡು ಜೋಡಿಸಿ ಕಂಬ ನಿಲ್ಲಿಸಿ. ಮಳೆಗೆ ಬೆಳೆ ಹೋಗಿ ಬಂದ ತುಟ್ಟಿ ಯಾವುದು, ಆಸ್ಪತ್ರೆ, ಶಾಲೆ, ಬಾಡಿಗೆಯಲ್ಲಿ ಬಂದು ಕೂತ ತುಟ್ಟಿ ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಮೊದಲನೆಯದು ಹೊಸ ಬೆಳೆ ಬಂದರೆ ಇಳಿಯಬಹುದು. ಎರಡನೆಯದು ಸಾಮಾನ್ಯವಾಗಿ ಇಳಿಯಲ್ಲ, ಮನೆ ಖರ್ಚಿನ ಲೆಕ್ಕ ಹಾಕುವವರು ನೋಡಬೇಕಾದದ್ದು ಅದನ್ನೇ.

ಇನ್ನೊಂದು ವಿಷಯ. ಹಳ್ಳಿ ಮತ್ತು ಪಟ್ಟಣದ ಗೆರೆಗಳನ್ನು ದಯವಿಟ್ಟು ಒಂದು ಮಾಡಬೇಡಿ. ಅದೇ 2012ರ ಸರಣಿಯಲ್ಲಿ ಆಹಾರ, ಪಾನೀಯದ ತೂಕ ಹಳ್ಳಿಗೆ ಶೇ 54.18, ಪಟ್ಟಣಕ್ಕೆ 36.29 ಇತ್ತು. ಆ ಸರಣಿಯಲ್ಲಿ ಮನೆ ಬಾಡಿಗೆಯ ಲೆಕ್ಕ ಪಟ್ಟಣಕ್ಕೆ ಮಾತ್ರ ಇತ್ತು, ಅಲ್ಲಿ ಅದರ ತೂಕ ಶೇ 21.67. ಹಾಗಾಗಿ ಉಳ್ಳಾಗಡ್ಡಿ, ಬೇಳೆ ತುಟ್ಟಿಯಾದರೆ ಗದಗ ಜಿಲ್ಲೆಯ ಕೂಲಿ ಮನೆಗೆ ಬೀಳುವ ಹೊಡೆತವೇ ಬೇರೆ, ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿರುವ ನೌಕರನಿಗೆ ಬೀಳುವುದೇ ಬೇರೆ. ಎರಡನ್ನೂ ಕೂಡಿಸಿ ತೆಗೆದ ಒಂದು ಅಂಕಿ ಇಬ್ಬರ ಮನೆಯ ಲೆಕ್ಕವನ್ನೂ ಹೇಳಲ್ಲ.

ಕರ್ನಾಟಕದ ಹಳ್ಳಿ, ಪಟ್ಟಣದ ಸೂಚ್ಯಂಕಗಳು ಬೇರೆ ಬೇರೆಯಾಗಿ ಪ್ರತಿ ತಿಂಗಳೂ ಕೇಂದ್ರ ಸಾಂಖ್ಯಿಕ ಸಚಿವಾಲಯದಿಂದ ಸಿಗುತ್ತವೆ. ಎಕ್ಸೆಲ್ ಸಾಕು, ದೊಡ್ಡ ಸಾಫ್ಟ್‌ವೇರ್ ಬೇಡ. ನಮ್ಮೂರಿನ ಚಿತ್ರ ಬೇಕೆಂದರೆ ಅದರ ಪಕ್ಕದಲ್ಲೇ ಹುಬ್ಬಳ್ಳಿ ಎಪಿಎಂಸಿಯ ಉಳ್ಳಾಗಡ್ಡಿ ದರ, ಬ್ಯಾಡಗಿಯ ಒಣ ಮೆಣಸಿನಕಾಯಿ ದರ ಇಟ್ಟು ನೋಡಿ. ಅವು ಸಗಟು ದರ, ಅಂಗಡಿಯಲ್ಲಿ ಕೊಡುವ ದರ ಅಲ್ಲ. ಆ ಮಾತನ್ನು ಗ್ರಾಫ್‌ನ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ.