ನೆಟ್ ನ್ಯೂಟ್ರಾಲಿಟಿ: ಮನೆಗೆ ಬರುವ ತಂತಿ ಒಂದೇ ಆದಾಗ

ನೆಟ್ ನ್ಯೂಟ್ರಾಲಿಟಿಯ ಪಾಠ ಸಾಮಾನ್ಯವಾಗಿ ಮೂರು ನಿಯಮಗಳಿಂದ ಶುರುವಾಗುತ್ತದೆ. ಇಂಟರ್ನೆಟ್ ಕೊಡುವ ಕಂಪನಿ ಯಾವ ವೆಬ್‌ಸೈಟನ್ನೂ ತಡೆಯಬಾರದು, ಬೇಕೆಂದೇ ನಿಧಾನ ಮಾಡಬಾರದು, ದುಡ್ಡು ಪಡೆದು ಯಾರನ್ನೂ ಮುಂದೆ ಬಿಡಬಾರದು. ಇದನ್ನು ಓದಿದವರಿಗೆ ಒಂದು ಪ್ರಶ್ನೆ ಏಳಬೇಕು. ಕಂಪನಿ ಹಾಗೆ ಮಾಡಿದರೆ ಗ್ರಾಹಕರು ಬೇರೆ ಕಂಪನಿಗೆ ಹೋಗಬಹುದಲ್ವಾ? ಅದಕ್ಕೆ ಕಾನೂನು ಯಾಕೆ ಬೇಕು?

ಉತ್ತರ ಸಿಗುವುದು ಅಮೆರಿಕದ ಕತೆಯಲ್ಲಿ. ಅಲ್ಲಿ ಬಹಳಷ್ಟು ಮನೆಗಳಿಗೆ ಬೇರೆ ಕಂಪನಿಯೇ ಇರಲಿಲ್ಲ. ಹಾಗಾಗಿ ನೆಟ್ ನ್ಯೂಟ್ರಾಲಿಟಿಯನ್ನೂ ಪೈಪೋಟಿಯನ್ನೂ ಬೇರೆ ಬೇರೆ ಅಧ್ಯಾಯ ಅಂದುಕೊಂಡು ಓದಿದರೆ ಎರಡೂ ಅರ್ಥವಾಗುವುದಿಲ್ಲ.

ಆಯ್ಕೆ ಕಡಿಮೆಯಾದದ್ದು ಹೇಗೆ

1990ರ ದಶಕದ ಡಯಲ್-ಅಪ್ ಕಾಲದಲ್ಲಿ ಅಮೆರಿಕದಲ್ಲಿ ಸಾವಿರಾರು ಸಣ್ಣ ಇಂಟರ್ನೆಟ್ ಕಂಪನಿಗಳಿದ್ದವು. ತಂತಿ ಫೋನ್ ಕಂಪನಿಯದು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ‘ಕಾಮನ್ ಕ್ಯಾರಿಯರ್’. ಅಂದರೆ ಯಾರು ಯಾವ ನಂಬರಿಗೆ ಕರೆ ಮಾಡಿದರೂ ಜೋಡಿಸಲೇಬೇಕು. ಒಂದಷ್ಟು ಮೋಡೆಮ್, ಕೆಲವು ಫೋನ್ ನಂಬರ್, ಹೊರಗಿನ ಜಾಲಕ್ಕೆ ಒಂದು ಸಂಪರ್ಕ ಇದ್ದರೆ ಇಂಟರ್ನೆಟ್ ಮಾರಬಹುದಿತ್ತು. ಸೇವೆ ಹಿಡಿಸದಿದ್ದರೆ ಗ್ರಾಹಕರು ಇನ್ನೊಂದು ನಂಬರಿಗೆ ಡಯಲ್ ಮಾಡಿದರೆ ಮುಗೀತು.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಇದು ಬದಲಾಯಿತು. ಊರೂರಲ್ಲಿ ಟಿವಿಗಾಗಿ ತಂತಿ ಎಳೆದಿದ್ದ ಕೇಬಲ್ ಕಂಪನಿಗಳು ಅದೇ ತಂತಿಯಲ್ಲಿ ಇಂಟರ್ನೆಟ್ ಕೊಡತೊಡಗಿದವು. ಹೆಚ್ಚಿನ ಊರುಗಳಲ್ಲಿ ಕೇಬಲ್ ಕಂಪನಿ ಒಂದೇ. ಎರಡನೆಯವರು ಬರಬೇಕಾದರೆ ಊರೆಲ್ಲ ಅಗೆದು ಹೊಸ ತಂತಿ ಹಾಕಬೇಕು. ಮೊದಲ ಗ್ರಾಹಕ ಸಿಗುವ ಮೊದಲೇ ದುಡ್ಡೆಲ್ಲ ನೆಲದೊಳಗೆ ಹೋಗಿರುತ್ತದೆ. ಅಷ್ಟು ಸುರಿದರೂ ಅರ್ಧ ಊರಷ್ಟೇ ಸಿಗಬಹುದು. ಹಾಗಾಗಿ ಹೆಚ್ಚಿನ ಕಡೆ ಎರಡನೆಯವರು ಬರಲೇ ಇಲ್ಲ. ಫೋನ್ ಕಂಪನಿಯ ಡಿಎಸ್‌ಎಲ್, ಅಂದರೆ ಫೋನ್ ತಂತಿಯಲ್ಲೇ ಬರುವ ಬ್ರಾಡ್‌ಬ್ಯಾಂಡ್, ಇತ್ತು, ನಿಜ. ಆದರೆ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಕುಸಿಯುತ್ತದೆ. 2014ರಲ್ಲಿ ಎಫ್‌ಸಿಸಿಯ ಅಧ್ಯಕ್ಷರಾಗಿದ್ದ ಟಾಮ್ ವೀಲರ್ ಇದನ್ನು ನೇರವಾಗಿ ಹೇಳಿದರು: 25 ಎಂಬಿಪಿಎಸ್ ವೇಗ ಬೇಕೆಂದರೆ ಮುಕ್ಕಾಲು ಪಾಲು ಮನೆಗಳಿಗೆ ಆಯ್ಕೆ ಇಲ್ಲ. ಎಫ್‌ಸಿಸಿ ಅಂದರೆ ನಮ್ಮ ಟ್ರಾಯ್ ತರಹ, ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ.

ಇಲ್ಲಿ 2002ನೇ ಇಸವಿಯನ್ನು ಗುರುತು ಮಾಡಿಕೊಳ್ಳಿ. ಆ ವರ್ಷ ಎಫ್‌ಸಿಸಿ, ಕೇಬಲ್ ಇಂಟರ್ನೆಟ್ ‘ಟೆಲಿಕಮ್ಯುನಿಕೇಶನ್ಸ್ ಸೇವೆ’ ಅಲ್ಲ, ‘ಇನ್ಫರ್ಮೇಶನ್ ಸೇವೆ’ ಎಂದಿತು. ಕಾಮನ್ ಕ್ಯಾರಿಯರ್ ನಿಯಮ ಅನ್ವಯಿಸುವುದು ಮೊದಲನೆಯದಕ್ಕೆ ಮಾತ್ರ, ಎರಡನೆಯದಕ್ಕಲ್ಲ. ಕ್ಯಾಲಿಫೋರ್ನಿಯಾದ ಬ್ರಾಂಡ್ ಎಕ್ಸ್ ಎಂಬ ಸಣ್ಣ ಕಂಪನಿ ಕೇಬಲ್ ತಂತಿಯ ಮೇಲೆ ತಾನೂ ಸೇವೆ ಮಾರಬೇಕೆಂದು ಇದನ್ನು ಪ್ರಶ್ನಿಸಿತು. 2005ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಎಫ್‌ಸಿಸಿ ಪರ ನಿಂತಿತು. ಅದೇ ವರ್ಷ ಡಿಎಸ್‌ಎಲ್ ಕೂಡ ಅದೇ ಪಟ್ಟಿಗೆ ಸೇರಿತು. ತಂತಿಯನ್ನು ಬೇರೆಯವರಿಗೂ ಬಿಟ್ಟುಕೊಡಿ ಎನ್ನಲು ಇದ್ದ ದಾರಿ ಮುಚ್ಚಿತು. ಎಲ್ಲರನ್ನೂ ಸಮನಾಗಿ ನೋಡಿ ಎನ್ನಲು ಇದ್ದ ಗಟ್ಟಿ ಕಾನೂನೂ ಕೈಬಿಟ್ಟಿತು. ಮುಂದಿನ 20 ವರ್ಷಗಳ ಜಗಳಕ್ಕೆ ಬೇರು ಇದೇ ಅನ್ನುವುದು ನನ್ನ ಅಭಿಪ್ರಾಯ.

ಮೂರು ಪ್ರಕರಣಗಳು

ಮೊದಲನೆಯದು ಚಿಕ್ಕದು. 2005ರಲ್ಲಿ ಮ್ಯಾಡಿಸನ್ ರಿವರ್ ಎಂಬ ಫೋನ್ ಕಂಪನಿ, ವಾನೇಜ್‌ನ ಇಂಟರ್ನೆಟ್ ಕರೆಗಳನ್ನು ತಡೆಯಿತು. ಆ ಕರೆಗಳು ತನ್ನದೇ ವ್ಯಾಪಾರಕ್ಕೆ ಪೈಪೋಟಿ, ಅದಕ್ಕೆ. ಎಫ್‌ಸಿಸಿ ವಿಚಾರಣೆ ಶುರು ಮಾಡುತ್ತಲೇ ಕಂಪನಿ 15,000 ಡಾಲರ್ ಕಟ್ಟಿ, ತಡೆ ನಿಲ್ಲಿಸಲು ಒಪ್ಪಿತು. ಡಿಎಸ್‌ಎಲ್ ಆಗಿನ್ನೂ ಹಳೆಯ ಪಟ್ಟಿಯಲ್ಲೇ ಇದ್ದದ್ದರಿಂದ ಕೆಲಸ ಸಲೀಸಾಯಿತು.

ಎರಡನೆಯದು ಕಾಮ್‌ಕಾಸ್ಟ್ ಎಂಬ ದೊಡ್ಡ ಕೇಬಲ್ ಕಂಪನಿಯ 2007ರ ಪ್ರಕರಣ. ಬಿಟ್‌ಟೊರೆಂಟ್ ಎಂಬ ತಂತ್ರಾಂಶದಲ್ಲಿ ಎರಡು ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವಾಗ ಕಾಮ್‌ಕಾಸ್ಟ್ ನಡುವೆ ಸಂಪರ್ಕ ಕಡಿಯಿರಿ ಎನ್ನುವ ‘ರೀಸೆಟ್’ ಪ್ಯಾಕೆಟ್ ಕಳಿಸುತ್ತಿತ್ತು. ಎರಡೂ ಕಡೆಯ ಕಂಪ್ಯೂಟರ್‌ಗಳು, ಆಚೆಯವರೇ ಸಂಪರ್ಕ ಕಡಿದರು ಅಂದುಕೊಳ್ಳುತ್ತಿದ್ದವು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬೈಬಲ್‌ನ ಹಳೆಯ ಇಂಗ್ಲಿಷ್ ಅನುವಾದವನ್ನು ಹಂಚಲು ನೋಡಿ ಇದನ್ನು ದೃಢಪಡಿಸಿತು. ಹಕ್ಕುಸ್ವಾಮ್ಯದ ನೆಪ ಹೇಳಲು ಅಲ್ಲಿ ಜಾಗವೇ ಇರಲಿಲ್ಲ. 2008ರಲ್ಲಿ ಎಫ್‌ಸಿಸಿ ಕಾಮ್‌ಕಾಸ್ಟ್ ವಿರುದ್ಧ ಆದೇಶ ಕೊಟ್ಟಿತು. 2010ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಕಾಮ್‌ಕಾಸ್ಟ್ ಮಾಡಿದ್ದು ಸರಿ ಎಂದು ಕೋರ್ಟ್ ಹೇಳಲಿಲ್ಲ. ಎಫ್‌ಸಿಸಿಗೆ ಆ ಅಧಿಕಾರವಿದೆ ಎಂದು ತೋರಿಸಲಾಗಿಲ್ಲ ಎಂದಿತು.

ಮೂರನೆಯದನ್ನು ನಿಧಾನವಾಗಿ ಓದಿ. ನೆಟ್‌ಫ್ಲಿಕ್ಸ್‌ನ ವಿಡಿಯೋ, ಕೋಜೆಂಟ್‌ನಂಥ ಸಾಗಣೆ ಕಂಪನಿಗಳ ಮೂಲಕ ಕಾಮ್‌ಕಾಸ್ಟ್ ಜಾಲಕ್ಕೆ ಬರುತ್ತಿತ್ತು. ಎರಡು ಜಾಲಗಳು ಕೂಡುವ ಜಾಗದಲ್ಲಿ ಪೋರ್ಟ್‌ಗಳು, ಅಂದರೆ ಜೋಡಣೆಯ ಬಾಗಿಲುಗಳು, ತುಂಬಿಹೋದವು. ಹೊಸ ಪೋರ್ಟ್ ಸೇರಿಸುವ ಖರ್ಚು ಯಾರದು ಎಂದು ಜಗಳ. ಕಾಮ್‌ಕಾಸ್ಟ್ ಯಾವ ಸೈಟನ್ನೂ ತಡೆಯಲಿಲ್ಲ, ತನ್ನ ಜಾಲದೊಳಗೆ ಯಾರನ್ನೂ ನಿಧಾನ ಮಾಡಲಿಲ್ಲ. ತುಂಬಿದ ಬಾಗಿಲನ್ನು ಅಗಲ ಮಾಡಲಿಲ್ಲ, ಅಷ್ಟೇ. ನೋಡುಗರ ಮನೆಯಲ್ಲಿ ಸಿನಿಮಾ ನಿಂತು ನಿಂತು ಓಡಿತು. 2014ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೊಡಲು ಒಪ್ಪಿತು, ವೇಗ ಏರಿತು. ಇಷ್ಟು ಟ್ರಾಫಿಕ್ ಕಳಿಸುವವರು ಖರ್ಚಿನಲ್ಲಿ ಪಾಲು ಕೊಡಬೇಕು ಎನ್ನುವುದು ಕಾಮ್‌ಕಾಸ್ಟ್ ವಾದ.

ಎನ್‌ಬಿಸಿ ಯೂನಿವರ್ಸಲ್ ಎಂಬ ಟಿವಿ-ಸಿನಿಮಾ ಕಂಪನಿಯನ್ನು ಕೊಳ್ಳುವಾಗ ಒಪ್ಪಿದ್ದ ಷರತ್ತಿನಿಂದಾಗಿ ಕಾಮ್‌ಕಾಸ್ಟ್ ಆಗಲೂ ನೆಟ್ ನ್ಯೂಟ್ರಾಲಿಟಿ ನಿಯಮಗಳಿಗೆ ಬದ್ಧವಾಗಿತ್ತು. ಆದರೂ ಇದು ನಡೆಯಿತು. ಯಾಕೆಂದರೆ ಜಾಲಗಳು ಕೂಡುವ ಜಾಗಕ್ಕೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ವೇಗ ಕುಸಿದಾಗ ಗ್ರಾಹಕರು ಕಾಮ್‌ಕಾಸ್ಟ್ ಬಿಟ್ಟು ಹೋಗುವಂತಿದ್ದರೆ, ಪೋರ್ಟ್ ಸೇರಿಸುವ ಆತುರ ಕಾಮ್‌ಕಾಸ್ಟ್‌ಗೇ ಇರುತ್ತಿತ್ತು. ಹೋಗಲು ಜಾಗವಿಲ್ಲದ್ದರಿಂದ ಆತುರವೆಲ್ಲ ನೆಟ್‌ಫ್ಲಿಕ್ಸ್ ಪಾಲಿಗೆ ಬಂತು.

ಕೋರ್ಟು ಮತ್ತು ಮತಗಳು

ಇದನ್ನು ಬೇಗ ನೋಡಿ ಮುಗಿಸೋಣ. 2014ರ ಜನವರಿಯಲ್ಲಿ ವೆರಿಝಾನ್ ಎಂಬ ಫೋನ್ ಕಂಪನಿಯ ಪ್ರಕರಣದಲ್ಲಿ ಕೋರ್ಟ್, ಎಫ್‌ಸಿಸಿ 2010ರಲ್ಲಿ ಮಾಡಿದ್ದ ನೆಟ್ ನ್ಯೂಟ್ರಾಲಿಟಿ ನಿಯಮಗಳ ಮುಖ್ಯ ಭಾಗ ರದ್ದು ಮಾಡಿತು: ಕಾಮನ್ ಕ್ಯಾರಿಯರ್ ಎಂದು ಕರೆಯದೆ ಹಾಗೆ ನಡೆದುಕೊಳ್ಳಿ ಎನ್ನುವಂತಿಲ್ಲ. 2015ರಲ್ಲಿ ಎಫ್‌ಸಿಸಿ 3–2 ಮತದಿಂದ ಬ್ರಾಡ್‌ಬ್ಯಾಂಡನ್ನು ಟೈಟಲ್ 2ರ ಅಡಿಗೆ, ಅಂದರೆ ಕಾಮನ್ ಕ್ಯಾರಿಯರ್ ಪಟ್ಟಿಗೆ ತಂದಿತು. 2017ರಲ್ಲಿ ಅಜಿತ್ ಪೈ ಅಧ್ಯಕ್ಷರಾಗಿದ್ದಾಗ 3–2ರಿಂದಲೇ ತೆಗೆಯಿತು. 2024ರಲ್ಲಿ ಮತ್ತೆ 3–2ರಿಂದ ವಾಪಸ್ ತಂದಿತು. 2025ರ ಜನವರಿ 2ರಂದು ಆರನೇ ಸರ್ಕಿಟ್ ಮೇಲ್ಮನವಿ ಕೋರ್ಟ್, ಇಂಟರ್ನೆಟ್ ‘ಇನ್ಫರ್ಮೇಶನ್ ಸೇವೆ’ಯೇ ಎಂದು ಅದನ್ನು ರದ್ದು ಮಾಡಿತು.

ಪೈ ಅವರ ವಾದವನ್ನು ತಳ್ಳಿಹಾಕುವ ಮೊದಲು ಗಮನ ಕೊಟ್ಟು ಓದಬೇಕು. ಕಂಪನಿಗಳು ತಮ್ಮ ಪದ್ಧತಿ ಬಹಿರಂಗಪಡಿಸಲಿ, ಮಿಕ್ಕಿದ್ದನ್ನು ಮಾರುಕಟ್ಟೆ ಮತ್ತು ಪೈಪೋಟಿ ಕಾನೂನು ನೋಡಿಕೊಳ್ಳುತ್ತವೆ ಎನ್ನುವುದು ಅದರ ಸಾರ. ಆಯ್ಕೆ ಇರುವ ಕಡೆ ಇದು ಸರಿಯಾದ ವಾದವೇ. ಆಯ್ಕೆ ಇಲ್ಲದ ಮನೆಗೆ ಆ ಪ್ರಕಟಣೆಯಿಂದ ಏನು ಉಪಯೋಗ? ಓದಿ ಸುಮ್ನೆ ಕೂರಬೇಕಷ್ಟೆ.

ನಿಯಮ ಹೋದ ಮೇಲೂ ಇಂಟರ್ನೆಟ್ ಕುಸಿಯಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಕ್ಯಾಲಿಫೋರ್ನಿಯಾ 2018ರಲ್ಲೇ ತನ್ನದೇ ಕಾನೂನು ಮಾಡಿದ್ದನ್ನು ಅವರು ಮರೆಯುತ್ತಾರೆ. ಅದು ಜಾರಿಗೆ ಬಂದದ್ದು 2021ರಲ್ಲಿ. ಆಗ ಫೋನ್ ಕಂಪನಿ ಎಟಿ&ಟಿ ದುಡ್ಡು ಕೊಟ್ಟ ಕಂಪನಿಗಳ ವಿಷಯವನ್ನು ಗ್ರಾಹಕರ ಡೇಟಾ ಲೆಕ್ಕಕ್ಕೆ ಸೇರಿಸದ ತನ್ನ ‘ಸ್ಪಾನ್ಸರ್ಡ್ ಡೇಟಾ’ ಯೋಜನೆಯನ್ನು ಆ ರಾಜ್ಯದಾಚೆಗೂ ನಿಲ್ಲಿಸುವುದಾಗಿ ಹೇಳಿತು.

ಪೈಪೋಟಿ ಹೆಚ್ಚಿಸುವ ದಾರಿಗಳೂ ಇವೆ. ಬ್ರಿಟನ್‌ನಲ್ಲಿ ಬಿಟಿ ಎಂಬ ಫೋನ್ ಕಂಪನಿಯ ತಂತಿಗಳನ್ನು ನೋಡಿಕೊಳ್ಳಲು 2006ರಲ್ಲಿ ಓಪನ್‌ರೀಚ್ ಎಂಬ ವಿಭಾಗ ಬಂತು. ಅದೇ ತಂತಿಯ ಮೇಲೆ ಹಲವು ಕಂಪನಿಗಳು ಸೇವೆ ಮಾರುತ್ತವೆ. ಅಮೆರಿಕದ ಟೆನೆಸಿ ರಾಜ್ಯದ ಚಾಟನೂಗ ಊರಲ್ಲಿ ಸಾರ್ವಜನಿಕ ವಿದ್ಯುತ್ ಸಂಸ್ಥೆಯೇ ಫೈಬರ್ ಎಳೆದು 2010ರಲ್ಲಿ ಗಿಗಾಬಿಟ್ ವೇಗ ಕೊಟ್ಟಿತು. ಆದರೆ ಇಂಥ ಪ್ರಯತ್ನಗಳಿಗೆ ಅಡ್ಡಿ ಮಾಡುವ ಕಾನೂನುಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ನನಗೆ ತುಂಬಾ ಬೇಸರ ತರುವ ಸಂಗತಿ ಇದು.

ನಮ್ಮಲ್ಲಿ

ಭಾರತದಲ್ಲಿ ಟ್ರಾಯ್ 2016ರ ಫೆಬ್ರವರಿ 8ರಂದು, ಯಾವ ವಿಷಯ ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕಬಾರದು ಎಂದಿತು. ಕೆಲವೇ ವೆಬ್‌ಸೈಟ್‌ಗಳನ್ನು ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ನಿಂತದ್ದು ಇದರಿಂದಲೇ. 2018ರಲ್ಲಿ ದೂರಸಂಪರ್ಕ ಇಲಾಖೆ ತಡೆಯುವುದು, ನಿಧಾನ ಮಾಡುವುದರ ವಿರುದ್ಧದ ನಿಯಮಗಳನ್ನೂ ಒಪ್ಪಿತು. ನಮ್ಮಲ್ಲಿ ಇಂಟರ್ನೆಟ್ ಕೊಡಲು ಸರ್ಕಾರದ ಲೈಸೆನ್ಸೇ ಬೇಕು. ಹಾಗಾಗಿ ಅಮೆರಿಕದ ‘ಯಾವ ಪಟ್ಟಿ’ ಜಗಳ ಇಲ್ಲಿ ಹುಟ್ಟಲಿಲ್ಲ.

ಆದರೆ 2016ರ ಆ ನಿಯಮ ಬಂದಾಗ ಮೊಬೈಲ್ ಕಂಪನಿಗಳು ಜಾಸ್ತಿ ಇದ್ದವು. ಆಮೇಲೆ ಏರ್‌ಸೆಲ್ ಮುಚ್ಚಿತು, ಟೆಲಿನಾರ್ ಏರ್‌ಟೆಲ್‌ಗೆ ಹೋಯಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಈಗ ದೊಡ್ಡ ಖಾಸಗಿ ಕಂಪನಿಗಳು ಮೂರು, ಜೊತೆಗೆ ಬಿಎಸ್‌ಎನ್‌ಎಲ್. 2024ರ ಜುಲೈನಲ್ಲಿ ಆ ಮೂರೂ ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದವು. ನೆಟ್ ನ್ಯೂಟ್ರಾಲಿಟಿ ನಿಯಮಕ್ಕೆ ಅದನ್ನು ತಡೆಯುವ ಶಕ್ತಿ ಇಲ್ಲ. ಎಲ್ಲರಿಗೂ ಸಮನಾಗಿ ಏರಿಸಿದರೆ ಅದು ತಾರತಮ್ಯವಲ್ಲ.

ಇನ್ನೊಂದು ಬೇಡಿಕೆ ಕೂಡ ಬಂದಿದೆ. ಹೆಚ್ಚು ಟ್ರಾಫಿಕ್ ತರುವ ವಿಡಿಯೋ ಕಂಪನಿಗಳು ಜಾಲದ ಖರ್ಚಿಗೆ ಪಾಲು ಕೊಡಬೇಕು ಎಂದು ಮೊಬೈಲ್ ಕಂಪನಿಗಳ ಸಂಘ ಕೇಳುತ್ತಿದೆ. 2014ರ ಕಾಮ್‌ಕಾಸ್ಟ್ ವಾದವೂ ಇದೇ. ಮುಂದೆ ಓದುವವರು ದಕ್ಷಿಣ ಕೊರಿಯಾವನ್ನು ತೆಗೆದುಕೊಳ್ಳಿ. ಅಲ್ಲಿ ಇಂಥ ಶುಲ್ಕದ ಪದ್ಧತಿ ಇದೆ. ಶುಲ್ಕ ಬೇರೆ ಹೆಚ್ಚಿನ ದೇಶಗಳ 10 ಪಟ್ಟು ಎಂದು ಹೇಳಿ ಟ್ವಿಚ್ ಎಂಬ ಲೈವ್ ವಿಡಿಯೋ ಕಂಪನಿ 2024ರ ಫೆಬ್ರವರಿಯಲ್ಲಿ ಆ ದೇಶದ ವ್ಯವಹಾರವನ್ನೇ ಮುಚ್ಚಿತು.